ದಪ್ಪ ಗೋಡೆ, ಮೂರು ಟಿವಿ, ಒಂದೇ ಪಿಸಿ: ಯಾವ ಎಕ್ಸ್‌ಟೆಂಡರ್ ತರೋದು?

ನಮ್ಮದು ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವ ದಾರಿಯಲ್ಲಿ ಸ್ವಲ್ಪ ಒಳಗಿರುವ ಹಳೇ ಮನೆ. ಜಂಬಿಟ್ಟಿಗೆ ಗೋಡೆ, ಒಂದೂವರೆ ಅಡಿ ದಪ್ಪ. ನಡುಮನೆಯ ಮೂಲೆಯಲ್ಲಿ ಟಿವಿ ಪಕ್ಕ ಒಂದು ಪಿಸಿ ಕೂತಿದೆ. ಅಪ್ಪ ವರ್ಷಗಟ್ಟಲೆ ಕೂಡಿಟ್ಟ ಯಕ್ಷಗಾನದ ವಿಸಿಡಿ, ಡಿವಿಡಿಗಳ ಕಾಪಿ ಅದರಲ್ಲಿದೆ. ಮನೆಯ ಮದುವೆ, ಉಪನಯನದ ವಿಡಿಯೋ ಇದೆ, ಸಿನಿಮಾ ಇದೆ, ತಂಗಿ ಮಕ್ಕಳ ಡಾನ್ಸೂ ಇದೆ. ಒಂದೇ ಟಿವಿ ಇದ್ದಷ್ಟು ದಿನ ತಕರಾರು ಇರಲಿಲ್ಲ. ಆಮೇಲೆ ಅಪ್ಪನ ಕೋಣೆಗೊಂದು ಟಿವಿ ಬಂತು. ಅಡಿಕೆ ಸುಲಿಯುವ ಕಾಲಕ್ಕೆ ಅಂಗಳದಾಚೆಯ ಶೆಡ್ಡಿಗೂ ಒಂದು ಬೇಕು ಅಂತಾಯಿತು. ಪಿಸಿ ಒಂದೇ, ನೋಡುವ ಜಾಗ ಮೂರು. ಅಲ್ಲಿಂದ ಶುರುವಾಯಿತು ನನ್ನ ಎಕ್ಸ್‌ಟೆಂಡರ್ ಪೇಚಾಟ, ಅಂದರೆ ಒಂದು ಪಿಸಿಯಲ್ಲಿರುವುದನ್ನು ಬೇರೆ ಕೋಣೆಯ ಟಿವಿಗೂ ತಲುಪಿಸುವ ಸಾಮಾನಿನ ಹುಡುಕಾಟ.

ಈಗಿನ ಕಾಲದಲ್ಲಿ ಪಿಸಿ ಯಾಕೆ, ಎಲ್ಲ ಓಟಿಟಿಯಲ್ಲೇ ಸಿಗುತ್ತಲ್ಲ ಅಂತ ಶಿವಮೊಗ್ಗದಲ್ಲಿರುವ ಭಾವ ಕೇಳುತ್ತಿರುತ್ತಾನೆ. ಅವನಿಗೆ ಆಷಾಢದಲ್ಲಿ ನಮ್ಮನೆಗೆ ಬಂದು ನಾಲ್ಕು ದಿನ ಇರು ಅಂದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗಿಂತ ಜಾಸ್ತಿ ಮಳೆ. ನಮ್ಮಲ್ಲಿ ಅಷ್ಟಿಲ್ಲದಿದ್ದರೂ ಕಮ್ಮಿಯೇನಲ್ಲ. ಡಿಟಿಎಚ್ ಬರುವುದು ಕೆಯು ಬ್ಯಾಂಡ್ ಅನ್ನುವ ರೇಡಿಯೋ ಅಲೆಗಳಲ್ಲಿ. ಆ ಅಲೆಗಳನ್ನು ಜೋರು ಮಳೆ ನುಂಗಿಬಿಡುತ್ತದೆ, ಟಿವಿ ಮೇಲೆ ಸಿಗ್ನಲ್ ಇಲ್ಲ ಅನ್ನುವ ನೀಲಿ ಪರದೆ ಉಳಿಯುತ್ತದೆ. ಫೈಬರ್ ಇಂಟರ್ನೆಟ್ಟಿಗೆ ಮಳೆ ಲೆಕ್ಕಕ್ಕಿಲ್ಲ, ಆದರೆ ಅದರ ಮೇಲೆ ಮರ ಬಿದ್ದರೆ ಮೂರು ದಿನ ಕಾಯಬೇಕು. ಆಗ ಉಳಿಯುವುದು ಮನೆಯೊಳಗೇ ಇರುವ ಫೈಲುಗಳು ಮಾತ್ರ. ಅದಕ್ಕೇ ನಮ್ಮ ಕಡೆ ಎಚ್‌ಟಿಪಿಸಿಗೆ, ಅಂದರೆ ಟಿವಿಗೆ ಜೋಡಿಸಿಟ್ಟ ಇಂಥ ಪಿಸಿಗೆ, ಇನ್ನೂ ಬೆಲೆ ಇದೆ.

ಎಕ್ಸ್‌ಟೆಂಡರ್ ಅನ್ನುವ ಮಾತು ಹಳೇದು. ಮೈಕ್ರೋಸಾಫ್ಟ್ 2002ರಲ್ಲಿ ವಿಂಡೋಸ್ ಎಕ್ಸ್‌ಪಿ ಮೀಡಿಯಾ ಸೆಂಟರ್ ಎಡಿಷನ್ ತಂದಿತು. ಅದಾಗಿ ಎರಡು ವರ್ಷಕ್ಕೆ ಮೀಡಿಯಾ ಸೆಂಟರ್ ಎಕ್ಸ್‌ಟೆಂಡರ್ ಅನ್ನುವ ಡಬ್ಬಿಗಳು ಬಂದವು. ಪಿಸಿ ಒಂದು ಕಡೆ, ಟಿವಿ ಹತ್ತಿರ ಈ ಡಬ್ಬಿ. ಪಿಸಿಯ ಮೆನುವೇ ಟಿವಿ ಮೇಲೆ ಬರುತ್ತಿತ್ತು. ಎಕ್ಸ್‌ಬಾಕ್ಸ್ 360 ಕೂಡ ಇದೇ ಕೆಲಸ ಮಾಡುತ್ತಿತ್ತು. 2015ರಲ್ಲಿ ವಿಂಡೋಸ್ 10 ಬಂದಾಗ ಮೀಡಿಯಾ ಸೆಂಟರನ್ನೇ ಕೈಬಿಟ್ಟರು. ಹಾಗಾಗಿ ಸೆಕೆಂಡ್ ಹ್ಯಾಂಡಲ್ಲಿ ಎಕ್ಸ್‌ಬಾಕ್ಸ್ 360 ಅಗ್ಗಕ್ಕೆ ಸಿಕ್ಕಿತು ಅಂತ ಇದಕ್ಕೋಸ್ಕರ ತಂದುಕೊಳ್ಳಬೇಡಿ. ಹೆಸರು ಉಳಿದಿದೆ, ಒಳಗಿನ ವ್ಯವಸ್ಥೆ ಪೂರ್ತಿ ಬದಲಾಗಿದೆ.

ಇವತ್ತು ಅಂಗಡಿಗೆ ಹೋಗಿ ಎಕ್ಸ್‌ಟೆಂಡರ್ ಕೊಡಿ ಅಂದರೆ ಮೂರು ಬೇರೆ ಬೇರೆ ಸಾಮಾನು ಮುಂದಿಡುತ್ತಾರೆ. ಒಂದು ವೈಫೈ ಎಕ್ಸ್‌ಟೆಂಡರ್. ಇನ್ನೊಂದು ಎಚ್‌ಡಿಎಂಐ ಎಕ್ಸ್‌ಟೆಂಡರ್. ಮೂರನೆಯದು ಟಿವಿಗೆ ಹಾಕುವ ಸ್ಟಿಕ್ಕೋ ಬಾಕ್ಸೋ. ಮೂರೂ ಒಂದೇ ಕೆಲಸದ್ದಲ್ಲ. ನಾನು ಮೊದಲು ದುಡ್ಡು ಕಳೆದುಕೊಂಡಿದ್ದೇ ಇಲ್ಲಿ.

ಚಿತ್ರ ಒಯ್ಯೋದಾ, ಫೈಲ್ ಒಯ್ಯೋದಾ?

ಎಚ್‌ಡಿಎಂಐ ಎಕ್ಸ್‌ಟೆಂಡರ್ ಪಿಸಿಯ ಪರದೆಯ ಚಿತ್ರವನ್ನು ಹಾಗೇ ಇನ್ನೊಂದು ಟಿವಿಗೆ ಒಯ್ಯುತ್ತದೆ. ಒಂದು ತುದಿ ಪಿಸಿ ಹತ್ತಿರ, ಇನ್ನೊಂದು ಟಿವಿ ಹತ್ತಿರ, ಮಧ್ಯೆ ಕ್ಯಾಟ್ 6 ಅನ್ನುವ ನೆಟ್‌ವರ್ಕ್ ಕೇಬಲ್. ಮಾಮೂಲಿ ಎಚ್‌ಡಿಎಂಐ ಕೇಬಲ್ಲಿನಲ್ಲಿ ಸೆಕೆಂಡಿಗೆ 60 ಫ್ರೇಮಿನ 4ಕೆ ಬೇಕಾದರೆ ಐದಾರು ಮೀಟರ್ ದಾಟಿದ ಮೇಲೆ ನಂಬಿಕೆ ಇಟ್ಟುಕೊಳ್ಳುವ ಹಾಗಿಲ್ಲ, ಅದಕ್ಕೇ ಇವು ಹುಟ್ಟಿಕೊಂಡಿದ್ದು. ಎಚ್‌ಡಿಬೇಸ್‌ಟಿ ಅಂತ ಬರೆದಿರುವ ಒಳ್ಳೇ ಸೆಟ್ಟಾದರೆ 100 ಮೀಟರ್ ತನಕ ಹೋಗುತ್ತದೆ. ಅಗ್ಗದವು 1080ಪಿಯಲ್ಲಿ 50, 60 ಮೀಟರ್ ಅಂತ ಹೇಳಿಕೊಳ್ಳುತ್ತವೆ. ಇದರಲ್ಲಿ ಒಳ್ಳೇದೇನು ಅಂದರೆ ಟಿವಿ ಕಡೆ ಏನೂ ತಲೆಬಿಸಿ ಇಲ್ಲ. ಆ್ಯಪ್ ಇಲ್ಲ, ಅಪ್‌ಡೇಟ್ ಇಲ್ಲ, ಪಿಸಿ ಓಡಿಸುವ ಯಾವ ಫೈಲಾದರೂ ಅಲ್ಲಿ ಕಾಣುತ್ತದೆ.

ತೊಂದರೆ ಏನು ಅಂದರೆ ಎರಡೂ ಟಿವಿಯಲ್ಲಿ ಒಂದೇ ಚಿತ್ರ. ನಡುಮನೆಯಲ್ಲಿ ಅಮ್ಮ ಸೀರಿಯಲ್ಲಿಗೆ ಪಿಸಿ ಬಳಸಿದರೆ ಅಪ್ಪನ ಕೋಣೆಯಲ್ಲೂ ಸೀರಿಯಲ್ಲೇ. ನಮ್ಮನೆಯಲ್ಲಿ ಇದು ಎರಡು ದಿನ ನಡೆಯಿತು, ಮೂರನೇ ದಿನ ಅಪ್ಪನೇ ವೈರ್ ಕಿತ್ತು ಇಟ್ಟರು. ಇನ್ನೊಂದು ಸೂಕ್ಷ್ಮ. ಈ ಸೆಟ್ಟುಗಳಲ್ಲಿ ಎರಡು ಜಾತಿ. ಒಂದಕ್ಕೆ ಈ ತುದಿಯಿಂದ ಆ ತುದಿಗೆ ನೇರ ಕೇಬಲ್ಲೇ ಬೇಕು, ಮಧ್ಯೆ ನೆಟ್‌ವರ್ಕ್ ಸ್ವಿಚ್ (ಹಲವು ಕೇಬಲ್ ಜೋಡಿಸುವ ಡಬ್ಬಿ) ಇಡುವ ಹಾಗಿಲ್ಲ. ಇನ್ನೊಂದು ಐಪಿ ಮೇಲೆ, ಅಂದರೆ ಮನೆಯ ಮಾಮೂಲಿ ನೆಟ್‌ವರ್ಕಿನಲ್ಲೇ ಓಡುವುದು, ಸ್ವಿಚ್ಚಿನ ಮೂಲಕ ಹೋಗುತ್ತದೆ. ಆದರೆ ಇದು ಮಲ್ಟಿಕಾಸ್ಟ್ ಅಂತ ಎಲ್ಲ ಪೋರ್ಟಿಗೂ ಡೇಟಾ ಸುರಿಯುತ್ತಾ ಹೋಗುತ್ತದೆ. ಕೇಳಿದ ಪೋರ್ಟಿಗೆ ಮಾತ್ರ ಅದನ್ನು ಬಿಡುವ ಐಜಿಎಂಪಿ ಸ್ನೂಪಿಂಗ್ ಇರುವ ಸ್ವಿಚ್ ಇಲ್ಲದಿದ್ದರೆ ಮನೆಯ ವೈಫೈ ಉಸಿರುಗಟ್ಟಿ ಕೂರುತ್ತದೆ. ಫೋನ್ ಯಾಕೋ ನಿಧಾನ ಅಂತ ಎಲ್ಲರೂ ಇಂಟರ್ನೆಟ್ ಕಂಪನಿಗೆ ಬೈಯುತ್ತಿರುತ್ತಾರೆ, ಕಳ್ಳ ಒಳಗೇ ಇರುತ್ತಾನೆ.

ಒಂದೇ ಚಿತ್ರ ಎರಡು ಕಡೆ ಬೇಕಾಗುವ ಸಂದರ್ಭವೂ ಇದೆ. ಮನೆಯಲ್ಲಿ ಕಾರ್ಯಕ್ರಮ, ಚಪ್ಪರದಲ್ಲಿ ಜನ, ಒಳಗೂ ಹೊರಗೂ ಒಂದೇ ದೃಶ್ಯ ತೋರಿಸಬೇಕು ಅಂದರೆ ಎಚ್‌ಡಿಎಂಐ ಎಕ್ಸ್‌ಟೆಂಡರ್ರೇ ಸರಿ. ಪಿಸಿಯನ್ನು ಅಟ್ಟದ ಮೇಲಿಟ್ಟು ಟಿವಿ ಕೆಳಗಿದ್ದರೂ ಇದೇ ಸರಿ. ದೂರ 15 ಮೀಟರಿನ ಆಸುಪಾಸು ಇದ್ದು ಒಂದೇ ಟಿವಿ ಆದರೆ ಆಪ್ಟಿಕಲ್ ಎಚ್‌ಡಿಎಂಐ ಕೇಬಲ್ ಇನ್ನೂ ಚೆಂದ. ಅದಕ್ಕೆ ಡಬ್ಬಿಯೂ ಬೇಡ. ಒಂದು ತುದಿಯಲ್ಲಿ ಸೋರ್ಸ್, ಇನ್ನೊಂದರಲ್ಲಿ ಡಿಸ್‌ಪ್ಲೇ ಅಂತ ಬರೆದಿರುತ್ತದೆ. ಉಲ್ಟಾ ಎಳೆದು ಗೋಡೆಗೆ ಪ್ಲಾಸ್ಟರ್ ಮಾಡಿಸಿದರೆ ಮತ್ತೆ ಗಾರೆಯವರನ್ನು ಕರೆಸಬೇಕು, ಜೋಪಾನ.

ಉಳಿದ ಎಲ್ಲ ಮನೆಗಳಿಗೂ ಬೇಕಾಗಿರುವುದು ಫೈಲ್ ಒಯ್ಯುವ ದಾರಿ. ಪಿಸಿಯಲ್ಲಿ ಜೆಲ್ಲಿಫಿನ್, ಪ್ಲೆಕ್ಸ್ ಅಥವಾ ಎಂಬಿ ಅನ್ನುವ ಸರ್ವರ್ ಓಡುತ್ತಿರುತ್ತದೆ. ಟಿವಿ ಹತ್ತಿರದ ಡಬ್ಬಿ ತನಗೆ ಬೇಕಾದ ಫೈಲನ್ನು ನೆಟ್‌ವರ್ಕಿನಲ್ಲಿ ಎಳೆದುಕೊಂಡು ತಾನೇ ಓಡಿಸುತ್ತದೆ. ಒಂದೊಂದು ಟಿವಿಯಲ್ಲಿ ಒಂದೊಂದು ನೋಡಬಹುದು. ಅರ್ಧಕ್ಕೆ ನಿಲ್ಲಿಸಿದ್ದನ್ನು ಇನ್ನೊಂದು ಕೋಣೆಯಲ್ಲಿ ಅಲ್ಲಿಂದಲೇ ಮುಂದುವರಿಸಬಹುದು.

ದಾರಿ ಮೊದಲು, ಡಬ್ಬಿ ಆಮೇಲೆ

ಹೆಚ್ಚಿನವರು ಮಾಡುವ ತಪ್ಪು ಅಂದರೆ ಯಾವ ಬಾಕ್ಸ್ ತರಲಿ ಅಂತ ವಾರಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ, ಪಿಸಿಯಿಂದ ಬಾಕ್ಸಿನ ತನಕ ಡೇಟಾ ಹೇಗೆ ಹೋಗುತ್ತದೆ ಅಂತ ಒಂದು ನಿಮಿಷವೂ ಯೋಚಿಸುವುದಿಲ್ಲ. ನಾನೂ ಹಾಗೇ ಮಾಡಿದ್ದೆ. ದುಬಾರಿ ಬಾಕ್ಸ್ ತಂದೆ, ಅಪ್ಪನ ಕೋಣೆಯಲ್ಲಿ ಚಕ್ರ ತಿರುಗುತ್ತಲೇ ಇತ್ತು.

ಬೆಂಗಳೂರಿನ ಫ್ಲ್ಯಾಟಿನಲ್ಲಿ ಕೂತು ಬರೆದ ಸಲಹೆ ನಮಗೆ ಹೊಂದುವುದಿಲ್ಲ. ಅಲ್ಲಿ ಗೋಡೆ ನಾಲ್ಕಿಂಚು, ಆರಿಂಚು. ಇಲ್ಲಿ ಒಂದು ಜಂಬಿಟ್ಟಿಗೆ ಗೋಡೆ ದಾಟುವಷ್ಟರಲ್ಲಿ 5 ಗಿಗಾಹರ್ಟ್ಸ್ ವೈಫೈ ಸುಸ್ತಾಗಿರುತ್ತದೆ, ಎರಡನೇ ಗೋಡೆಗೆ ಹೆಸರೂ ಕಾಣುವುದಿಲ್ಲ. ಮಳೆಗಾಲದಲ್ಲಿ ಆ ಕಲ್ಲು ನೀರು ಕುಡಿದು ಕೂತಿರುತ್ತದೆ, ಆಗ ಇನ್ನೂ ಕಷ್ಟ. 2.4 ಗಿಗಾಹರ್ಟ್ಸ್ ದಾಟುತ್ತದೆ, ಆದರೆ ಅದರಲ್ಲಿ ವೇಗ ಕಮ್ಮಿ. ವೈಫೈ ಎಕ್ಸ್‌ಟೆಂಡರ್ ತಂದು ಮಧ್ಯದ ಕೋಣೆಯಲ್ಲಿ ಹಾಕಿದರೆ ಕಡ್ಡಿ ಪೂರ್ತಿ ತೋರಿಸುತ್ತದೆ, ವಿಡಿಯೋ ಮಾತ್ರ ನಿಂತು ನಿಂತು ಓಡುತ್ತದೆ. ಒಂದೇ ರೇಡಿಯೋ ಇರುವ ಎಕ್ಸ್‌ಟೆಂಡರ್ ಕೇಳಿಸಿಕೊಳ್ಳುವುದೂ ಅದರಲ್ಲೇ, ಮುಂದಕ್ಕೆ ಹೇಳುವುದೂ ಅದರಲ್ಲೇ, ಹಾಗಾಗಿ ವೇಗ ಅರ್ಧಕ್ಕಿಳಿಯುತ್ತದೆ. ಹಲವು ಡಬ್ಬಿ ಸೇರಿ ಒಂದೇ ವೈಫೈ ಕೊಡುವ ಮೆಶ್ ಇದಕ್ಕಿಂತ ಮೇಲು. ಆದರೆ ಮೆಶ್ಶಿನ ಡಬ್ಬಿಗಳ ನಡುವೆಯೂ ಗೋಡೆ ಇರುತ್ತದೆ ಅಲ್ವಾ? ಅವುಗಳನ್ನು ಕೇಬಲ್ಲಿನಿಂದ ಜೋಡಿಸಿದರೆ ಮಾತ್ರ ನಮ್ಮ ಕಡೆ ಮನೆಗಳಲ್ಲಿ ಮೆಶ್ಶಿಗೆ ಅರ್ಥ.

ಕರೆಂಟಿನ ವೈರಿನಲ್ಲೇ ಡೇಟಾ ಕಳಿಸುವ ಪವರ್‌ಲೈನ್ ಅಡಾಪ್ಟರ್ ಇದೆ. ಅದನ್ನೂ ನೋಡಿಯಾಯಿತು. ಡಬ್ಬಿ ಮೇಲೆ 1000 ಎಂಬಿಪಿಎಸ್ ಅಂತ ಬರೆದಿದ್ದರೂ ಸಿಗುವುದು ಅದರ ಹತ್ತಿರಕ್ಕೂ ಬರುವುದಿಲ್ಲ. ಹಳೇ ವೈರಿಂಗು, ಮಧ್ಯೆ ಇನ್ವರ್ಟರು, ಬಾವಿಯ ಪಂಪು ಬೇರೆ. ಪಂಪ್ ಹಾಕಿದ ಕೂಡಲೇ ಭಾಗವತರ ಪದ ಅರ್ಧಕ್ಕೆ ನಿಲ್ಲುತ್ತಿತ್ತು. ಗೋಡೆ ಕೊರೆಯಲು ಮನೆಯ ಹಿರಿಯರು ಖಂಡಿತ ಬಿಡುವುದಿಲ್ಲ ಅನ್ನುವವರು ಕೊನೇ ಪಕ್ಷ ಇದನ್ನು ನೋಡಬಹುದು, ಅಷ್ಟೇ.

ಅಂತೂ ಕೇಬಲ್ಲೇ ಗತಿ. ಕ್ಯಾಟ್ 6 ಕೇಬಲ್ಲಿನಲ್ಲಿ 100 ಮೀಟರ್ ತನಕ ಗಿಗಾಬಿಟ್ ಆರಾಮಾಗಿ ಹೋಗುತ್ತದೆ. ಕೊಳ್ಳುವಾಗ ಪೂರ್ತಿ ತಾಮ್ರದ್ದೇ ಕೇಳಿ. ಸಿಸಿಎ ಅಂತ ಬರೆದಿದ್ದರೆ ಅದು ಅಲ್ಯೂಮಿನಿಯಂ ಮೇಲೆ ತಾಮ್ರದ ಲೇಪ ಅಷ್ಟೇ, ಬಗ್ಗಿಸಿದರೆ ಮುರಿಯುತ್ತದೆ. ಅಟ್ಟದ ಮೇಲೆ ಎಳೆಯುವವರು ಪಿವಿಸಿ ಪೈಪಿನೊಳಗೆ ಹಾಕಿ. ನಮ್ಮ ಅಟ್ಟದ ಇಲಿಗಳಿಗೆ ಅಡಿಕೆಗಿಂತ ನೀಲಿ ಕೇಬಲ್ಲೇ ರುಚಿ. ಗೋಡೆ ಕೊರೆಯುವ ಬದಲು ನಾನು ಮಾಡಿಗೆ ತಾಗುವಲ್ಲಿ ತೊಲೆಯ ಪಕ್ಕದ ಸಂದಿಯಲ್ಲೇ ತೂರಿಸಿದೆ, ಹಳೇ ಮನೆಗಳಲ್ಲಿ ಅಂಥ ಸಂದಿ ಇದ್ದೇ ಇರುತ್ತದೆ.

ಈಗ ಸಿಡಿಲಿನ ವಿಷಯ. ಅಂಗಳದಾಚೆಯ ಶೆಡ್ಡಿಗೆ ನಾನು ಮೊದಲು ಕ್ಯಾಟ್ 6 ಅನ್ನೇ ಎಳೆದಿದ್ದೆ, ಸುಮಾರು 40 ಮೀಟರ್, ಅಡಿಕೆ ಮರದಿಂದ ಮರಕ್ಕೆ. ನೋಡಲು ಚೆಂದವೇ ಇತ್ತು. ಮೇ ತಿಂಗಳ ಒಂದು ಸಂಜೆ ಗುಡುಗು ಶುರುವಾಯಿತು. ಅಮ್ಮ ಅಭ್ಯಾಸದಂತೆ ಟಿವಿ, ಡಿಟಿಎಚ್, ಮಿಕ್ಸಿ ಎಲ್ಲದರ ಪಿನ್ನು ಕಿತ್ತರು. ಆ ನೆಟ್‌ವರ್ಕ್ ಕೇಬಲ್ ಕೀಳಬೇಕು ಅಂತ ಯಾರಿಗೂ ಹೊಳೆಯಲಿಲ್ಲ. ಸಿಡಿಲು ನಮ್ಮನೆ ಮೇಲೇನೂ ಬೀಳಲಿಲ್ಲ, ಹಳ್ಳದಾಚೆ ಎಲ್ಲೋ ಬಿದ್ದಿದ್ದು. ಮರುದಿನ ನೋಡಿದರೆ ರೌಟರಿನ ಒಂದು ಪೋರ್ಟು, ಸ್ವಿಚ್ಚು, ಶೆಡ್ಡಿನ ಬಾಕ್ಸು ಮೂರೂ ಹೋಗಿದ್ದವು. ಸ್ವಿಚ್ ಬಿಚ್ಚಿದೆ, ಒಳಗೆ ಪೋರ್ಟಿನ ಹಿಂದೆ ಕಡ್ಡಿ ಗೀಚಿದ ಹಾಗೆ ಒಂದು ಕಪ್ಪು ಗೆರೆ. ಅಷ್ಟುದ್ದದ ತಾಮ್ರದ ತಂತಿ ಬಯಲಲ್ಲಿ ತೂಗುತ್ತಿದ್ದರೆ ಅದು ಆಂಟೆನಾ ಇದ್ದ ಹಾಗೆ, ಹತ್ತಿರದ ಸಿಡಿಲಿಗೇ ಅದರಲ್ಲಿ ವೋಲ್ಟೇಜ್ ಹುಟ್ಟುತ್ತದೆ.

ಆಮೇಲೆ ಅದೇ ಜಾಗಕ್ಕೆ ಫೈಬರ್ ಎಳೆದೆ. ಫೈಬರ್ ಅಂದರೆ ಗಾಜು, ಅದರಲ್ಲಿ ಕರೆಂಟ್ ಹರಿಯುವುದಿಲ್ಲ. ಎರಡು ತುದಿಗೆ ಗಿಗಾಬಿಟ್ ಮೀಡಿಯಾ ಕನ್ವರ್ಟರ್ ಬೇಕು, ಫೈಬರಿನ ಬೆಳಕನ್ನು ಮಾಮೂಲಿ ನೆಟ್‌ವರ್ಕ್ ಕೇಬಲ್ಲಿಗೆ ಬದಲಿಸಿಕೊಡುವ ಡಬ್ಬಿ ಅದು. ಒಂದೇ ಎಳೆಯಲ್ಲಿ ಹೋಗಿಬರುವ ಜಾತಿಯದಾದರೆ ಒಂದು ಎ, ಇನ್ನೊಂದು ಬಿ ಅಂತ ಜೋಡಿಯಾಗಿ ತರಬೇಕು. ಎರಡೂ ಎ ತಂದರೆ ಮುಖ ಮುಖ ನೋಡಿಕೊಂಡು ಕೂತಿರುತ್ತವೆ. ಮನೆಗೆ ಇಂಟರ್ನೆಟ್ ಎಳೆಯುವ ಹುಡುಗರ ಹತ್ತಿರ ಉಳಿದ ಡ್ರಾಪ್ ಕೇಬಲ್ ಇರುತ್ತದೆ, ತುದಿ ಕೂಡಿಸಿ ಕೊಡು ಅಂದರೆ ಅರ್ಧ ಗಂಟೆಯ ಕೆಲಸ. ಆ ಡ್ರಾಪ್ ಕೇಬಲ್ಲಿನಲ್ಲಿ ಕೆಲವಕ್ಕೆ ಆಧಾರಕ್ಕೆ ಅಂತ ಉಕ್ಕಿನ ತಂತಿ ಇರುತ್ತದೆ. ಅದನ್ನು ಹೊರಗೇ ಕತ್ತರಿಸಿ ನಿಲ್ಲಿಸಿ, ಒಳಗೆ ತರಬೇಡಿ. ತಂದರೆ ಫೈಬರ್ ಹಾಕಿಯೂ ಸಿಡಿಲಿಗೆ ಬಾಗಿಲು ತೆಗೆದಿಟ್ಟ ಹಾಗೆ. ಒಂದೇ ಮಾಡಿನ ಕೆಳಗೆ ತಾಮ್ರ, ಅಂಗಳ ದಾಟಿದರೆ ಫೈಬರ್. ಈಗ ನಾನು ಯಾರು ಕೇಳಿದರೂ ಇದನ್ನೇ ಹೇಳುವುದು.

ಈಗ ಡಬ್ಬಿಗಳು

ಮೊದಲು ನಿಮ್ಮ ಟಿವಿಯನ್ನೇ ನೋಡಿ. ಆಂಡ್ರಾಯ್ಡ್ ಟಿವಿ, ಗೂಗಲ್ ಟಿವಿ ಅಥವಾ ಎಲ್‌ಜಿಯ ವೆಬ್‌ಓಎಸ್ ಇದ್ದರೆ ಜೆಲ್ಲಿಫಿನ್ ಆ್ಯಪ್ ಅದರಲ್ಲೇ ಸಿಗುತ್ತದೆ. ಒಂದು ವಾರ ಅದರಲ್ಲೇ ಓಡಿಸಿ ನೋಡಿ, ಸಾಕಾದರೆ ಡಬ್ಬಿಯೇ ಬೇಡ. ಎರಡು ಕಡೆ ಮಾತ್ರ ಟಿವಿ ಕೈಕೊಡುತ್ತದೆ. ಒಂದು, ಹೊಸ ಟಿವಿಗಳಲ್ಲೂ ಎಷ್ಟೋ ಕಡೆ ನೆಟ್‌ವರ್ಕ್ ಕೇಬಲ್ ಚುಚ್ಚುವ ಲ್ಯಾನ್ ಪೋರ್ಟು 100 ಎಂಬಿಪಿಎಸ್ಸಿನದು. ಇನ್ನೊಂದು, ಡಿಟಿಎಸ್ ಅನ್ನುವ ಆಡಿಯೋ ಫಾರ್ಮ್ಯಾಟ್ ಹಲವು ಟಿವಿಗಳಿಗೆ ಗೊತ್ತಿಲ್ಲ, ಚಿತ್ರ ಬರುತ್ತದೆ, ಶಬ್ದ ಬರುವುದಿಲ್ಲ. ಸರ್ವರ್ ಆ ಶಬ್ದವನ್ನು ಬದಲಾಯಿಸಿ ಕೊಡುತ್ತದೆ, ಹಾಗಾಗಿ ಗಾಬರಿಯಾಗುವ ವಿಷಯವಲ್ಲ.

100 ಎಂಬಿಪಿಎಸ್ ಅಂದರೆ ಕಮ್ಮಿಯಾ? ಡಿವಿಡಿ ಹೆಚ್ಚೆಂದರೆ 10 ಎಂಬಿಪಿಎಸ್ ಒಳಗೆ ಮುಗಿಯುತ್ತದೆ. ಮಾಮೂಲಿ ಬ್ಲೂರೇಯ ವಿಡಿಯೋ 40ರ ಒಳಗೆ. 60 ಫ್ರೇಮಿನ 4ಕೆ ಮೊಬೈಲ್ ವಿಡಿಯೋ 50ರ ಆಸುಪಾಸು. 4ಕೆ ಬ್ಲೂರೇಯನ್ನು ಹಿಂಡದೆ ಹಾಗೇ ಕಾಪಿ ಮಾಡಿಟ್ಟುಕೊಂಡವರಿಗೆ ಮಾತ್ರ ಆಗಾಗ 100 ದಾಟುತ್ತದೆ. ಅಂಥ ಫೈಲು ನಿಮ್ಮ ಹತ್ತಿರ ಎಷ್ಟಿದೆ ಅಂತ ಸುಮ್ನೆ ಒಮ್ಮೆ ನೋಡಿ. ನನ್ನ ಹತ್ತಿರ ಎರಡಿದೆ, ಎರಡೂ ಟಿವಿ ಎಷ್ಟು ಚೆನ್ನಾಗಿದೆ ಅಂತ ನೆಂಟರಿಗೆ ತೋರಿಸಲು ಇಟ್ಟುಕೊಂಡಿದ್ದು.

ಫೈರ್ ಟಿವಿ ಸ್ಟಿಕ್ ಅಗ್ಗ, ಎಲ್ಲ ಕಡೆ ಸಿಗುತ್ತದೆ, ಅಮ್ಮಂದಿರಿಗೂ ಬೇಗ ಒಗ್ಗುತ್ತದೆ. ಓಟಿಟಿಯೂ ಬೇಕು, ಮನೆಯ ಫೈಲೂ ಬೇಕು ಅನ್ನುವವರಿಗೆ ಮೊದಲ ಆಯ್ಕೆ ಇದೇ. ಆದರೆ ಮೈಮೇಲೆ ಲ್ಯಾನ್ ಪೋರ್ಟಿಲ್ಲ. ಅಮೆಜಾನಿನದೇ ಅಡಾಪ್ಟರ್ ಸಿಗುತ್ತದೆ, ಅದೂ 100 ಎಂಬಿಪಿಎಸ್. ನಮ್ಮ ಗೋಡೆಗಳಿಗೆ ಆ ಅಡಾಪ್ಟರ್ ಸೇರಿಸಿಯೇ ಬೆಲೆ ಲೆಕ್ಕ ಹಾಕಿ. ಇನ್ನೊಂದು ಮಾತು. ಸ್ಟಿಕ್ಕನ್ನು ಟಿವಿಯ ಯುಎಸ್‌ಬಿಗೆ ಚುಚ್ಚಿ ಓಡಿಸುವವರಿದ್ದಾರೆ. ಹಳೇ ಯುಎಸ್‌ಬಿ 2 ಪೋರ್ಟು ಕೊಡುವುದು ಅರ್ಧ ಆಂಪಿಯರ್, ಸ್ಟಿಕ್ಕು ಕೇಳುವುದು ಒಂದು. ಸಿನಿಮಾ ಮಧ್ಯೆ ತಾನೇ ಆಫ್ ಆಗಿ ಆನ್ ಆಗುತ್ತದೆ ಅಂದರೆ ಕಾರಣ ಹೆಚ್ಚಿನ ಸಲ ಇದೇ, ಜೊತೆಗೆ ಕೊಟ್ಟ ಚಾರ್ಜರನ್ನೇ ಬಳಸಿ.

ಗೂಗಲ್ ಟಿವಿ ಇರುವ ಬಾಕ್ಸುಗಳು, ಶಿಯೋಮಿಯ 4ಕೆ ಬಾಕ್ಸಿನಂಥವು, ಹೆಚ್ಚೂ ಕಮ್ಮಿ ಇದೇ ಸಾಲಿನವು. ಪರದೆಯ ಮೇಲೆ ಜಾಹೀರಾತು ಸ್ವಲ್ಪ ಕಮ್ಮಿ ಅಂತ ನನಗನ್ನಿಸುತ್ತದೆ. ವಿಡಿಯೋ ಓಡಿಸುವ ಕೋಡಿ ಅನ್ನುವ ಆ್ಯಪ್ ಹಾಕಿಕೊಳ್ಳುವುದೂ ಸುಲಭ, ಅವರ ಸ್ಟೋರಿನಲ್ಲೇ ಇದೆ.

ಹೆಸರಿಲ್ಲದ ಆಂಡ್ರಾಯ್ಡ್ ಬಾಕ್ಸುಗಳ ಸಹವಾಸ ಮಾತ್ರ ಬೇಡ. ಅರ್ಧ ಬೆಲೆಗೆ 8ಕೆ ಅಂತ ಬರೆದುಕೊಂಡು ಬರುತ್ತವೆ. ಓಟಿಟಿಯನ್ನು ಎಚ್‌ಡಿಯಲ್ಲಿ ತೋರಿಸಲು ಬೇಕಾದ ವೈಡ್‌ವೈನ್ ಎಲ್1 ಪರವಾನಗಿ ಇರುವುದಿಲ್ಲ, ಹಾಗಾಗಿ ಓಟಿಟಿ ಮಸುಕಾದ ಎಸ್‌ಡಿಯಲ್ಲೇ ಬರುತ್ತದೆ. ಅದಕ್ಕಿಂತ ದೊಡ್ಡದು, ಇಂಥ ಕೆಲವು ಬಾಕ್ಸುಗಳಲ್ಲಿ ಕೊಳ್ಳುವ ಮೊದಲೇ ಮಾಲ್‌ವೇರ್ ಕೂತಿರುತ್ತದೆ. 2025ರ ಜೂನ್‌ನಲ್ಲಿ ಅಮೆರಿಕದ ಎಫ್‌ಬಿಐ ಇದರ ಬಗ್ಗೆ ಎಚ್ಚರಿಕೆಯನ್ನೇ ಕೊಟ್ಟಿತು. ಮನೆಯ ನೆಟ್‌ವರ್ಕಿನೊಳಗೆ ಅಂಥದ್ದನ್ನು ಕೂರಿಸಿಕೊಂಡು, ಅದೇ ವೈಫೈಯಲ್ಲಿ ಬ್ಯಾಂಕ್ ಆ್ಯಪ್ ತೆರೆಯುವುದು ಅಂದರೆ ಓತಿಕ್ಯಾತವನ್ನು ಪಂಚೆಯೊಳಗೆ ಬಿಟ್ಟುಕೊಂಡ ಹಾಗೆ.

ಆಪಲ್ ಟಿವಿ 4ಕೆ ನಯವಾಗಿದೆ, ವೇಗ ಇದೆ, ಬೆಲೆಯೂ ಹಾಗೇ ಇದೆ. 2022ರ ಮಾದರಿ ತರುವವರು 128 ಜಿಬಿಯದನ್ನೇ ನೋಡಿ, ಲ್ಯಾನ್ ಪೋರ್ಟ್ ಇರುವುದು ಅದಕ್ಕೆ ಮಾತ್ರ, 64 ಜಿಬಿಯದಕ್ಕೆ ವೈಫೈ ಒಂದೇ. ಮನೆಯವರೆಲ್ಲ ಐಫೋನ್ ಹಿಡಿದಿದ್ದರೆ ಯೋಚಿಸಿ, ಇಲ್ಲದಿದ್ದರೆ ಆ ದುಡ್ಡಿನಲ್ಲಿ ಕೇಬಲ್, ಸ್ವಿಚ್, ಎರಡು ಸ್ಟಿಕ್ ಬರುತ್ತದೆ.

ಗೇಮ್ ಆಡುವ ಹುಡುಗರಿದ್ದರೆ, ಪಿಸಿಯ ಗೇಮನ್ನು ಟಿವಿಯಲ್ಲಿ ಆಡಲು ಪಿಸಿಯಲ್ಲಿ ಸನ್‌ಶೈನ್, ಟಿವಿ ಬಾಕ್ಸಿನಲ್ಲಿ ಮೂನ್‌ಲೈಟ್ ಹಾಕಿಕೊಳ್ಳಲಿ. ಅದಕ್ಕೂ ಕೇಬಲ್ ಬೇಕೇ ಬೇಕು.

ಇನ್ನು ರಾಸ್ಪ್‌ಬೆರಿ ಪೈ ಅನ್ನುವ, ಒಂದೇ ಬೋರ್ಡಿನ ಚಿಕ್ಕ ಕಂಪ್ಯೂಟರ್. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕಂದರೆ ಅಪ್ಪನ ಕೋಣೆಯಲ್ಲಿ ಕೊನೆಗೆ ಉಳಿದಿದ್ದು ಇದೇ. ಕಾರಣ ಯಕ್ಷಗಾನ. ನಮ್ಮ ಹಳೇ ಡಿವಿಡಿಗಳೆಲ್ಲ ಪಾಲ್ ಪದ್ಧತಿಯವು, 720 ಅಡ್ಡ, 576 ಉದ್ದ, ಇಂಟರ್‌ಲೇಸ್ ಆದ ಚಿತ್ರ. ಅಂದರೆ ಒಂದು ಫ್ರೇಮಿನ ಅರ್ಧ ಗೆರೆಗಳು ಒಂದು ಕ್ಷಣದ್ದು, ಇನ್ನರ್ಧ ಅದರ ಮುಂದಿನ ಕ್ಷಣದ್ದು. ನಿಂತು ಅರ್ಥ ಹೇಳುವಾಗ ಏನೂ ಗೊತ್ತಾಗುವುದಿಲ್ಲ. ವೇಷ ಗಿರ್ಕಿ ಹೊಡೆಯಲು ಶುರು ಮಾಡಿತು ಅನ್ನಿ, ಕೈ ತುದಿ, ಸೆರಗು, ಕಿರೀಟದ ಅಂಚು ಎಲ್ಲ ಬಾಚಣಿಗೆ ಹಲ್ಲಿನ ಹಾಗೆ ಸೀಳಿಕೊಳ್ಳುತ್ತದೆ. ಸ್ಟಿಕ್ಕಿನಲ್ಲಿ ನಮಗೆ ಹಾಗೇ ಆಗುತ್ತಿತ್ತು. ಅಪ್ಪ ಏನೋ ಗೀರು ಬಿದ್ದಿದೆ ಅಂತ ಟಿವಿಯನ್ನೇ ಒರೆಸುತ್ತಿದ್ದರು. ಪೈ 4ರ ಮೇಲೆ ಕೋಡಿ ಓಡಿಸಲೆಂದೇ ಮಾಡಿದ ಲಿಬ್ರೆಇಲೆಕ್ ಅನ್ನುವ ಸಿಸ್ಟಂ, ಅದರೊಳಗೆ ಕೋಡಿ ಹಾಕಿದೆ. ಕೋಡಿ ಆ ಗೆರೆಗಳನ್ನು ಸರಿಯಾಗಿ ಹೊಲಿದುಕೊಡುತ್ತದೆ. ಜೊತೆಗೆ ಟಿವಿಯ ರಿಫ್ರೆಶ್ ರೇಟನ್ನು ವಿಡಿಯೋಗೆ ತಕ್ಕಂತೆ ಬದಲಿಸು ಅನ್ನುವ ಸೆಟ್ಟಿಂಗ್ ಇದೆ, ಅದನ್ನು ಆನ್ ಮಾಡಿದರೆ ಟಿವಿ 60ರಿಂದ 50 ಹರ್ಟ್ಸ್‌ಗೆ ಇಳಿಯುತ್ತದೆ. ಆಗ ಗಿರ್ಕಿ ನೀರಿನ ಹಾಗೆ ಹರಿಯುತ್ತದೆ. ಮೊದಲ ದಿನ ನೋಡಿ ಅಪ್ಪ, ಇದು ಬೇರೆ ಕ್ಯಾಸೆಟ್ಟಾ ಅಂತ ಕೇಳಿದರು.

ಪೈಯಲ್ಲಿ ಯಾವುದು? ಪೈ 4 ಬಂದಿದ್ದು 2019ರಲ್ಲಿ, ಪೈ 5 2023ರಲ್ಲಿ. ಹೊಸದು ವೇಗ ಜಾಸ್ತಿ, ಆದರೆ ಅದರಿಂದ ಎಚ್.264 ಅನ್ನುವ ವಿಡಿಯೋ ಫಾರ್ಮ್ಯಾಟನ್ನು ಬಿಚ್ಚಿ ಓಡಿಸುವ ಹಾರ್ಡ್‌ವೇರ್ ಡಿಕೋಡರನ್ನು ತೆಗೆದುಬಿಟ್ಟಿದ್ದಾರೆ. 1080ಪಿ ಫೈಲುಗಳನ್ನು ಪ್ರೊಸೆಸರ್ ಬಲದಿಂದಲೇ ಓಡಿಸಿಬಿಡುತ್ತದೆ, ತೊಂದರೆ ಇಲ್ಲ. ಎಚ್.265ನ 4ಕೆ ಎರಡರಲ್ಲೂ ಓಡುತ್ತದೆ. ಪೈ 5ಕ್ಕೆ 27 ವಾಟಿನ ಅದರದೇ ಚಾರ್ಜರ್ ಇದ್ದರೆ ಒಳ್ಳೇದು, ಪೈ 4ಕ್ಕೆ 5 ವೋಲ್ಟ್ 3 ಆಂಪಿಯರ್ ಸಾಕು. ಬರೀ ಫೈಲ್ ನೋಡುವ ಕೋಣೆಗೆ ಪೈ 4 ಧಾರಾಳ. ಎರಡಕ್ಕೂ ಬೇಕಾಗುವುದು ಮೈಕ್ರೋ ಎಚ್‌ಡಿಎಂಐ ಕೇಬಲ್, ಮರೆತು ಬಂದರೆ ಮತ್ತೆ ಶಿವಮೊಗ್ಗದ ಬಸ್ಸು ಹತ್ತಬೇಕು. ಮತ್ತೆ, ಪೈ ಓಟಿಟಿಗೆ ಲಾಯಕ್ಕಿಲ್ಲ. ಹಣ ಕೊಟ್ಟು ನೋಡುವ ಆ್ಯಪುಗಳು ಮುಖ್ಯ ಅನ್ನುವವರು ಇದನ್ನು ತಂದು ಬೈದುಕೊಳ್ಳಬೇಡಿ.

ಪಿಸಿ ಕಡೆ ಏನಿರಬೇಕು

ಡಬ್ಬಿ ಎಷ್ಟು ಗಟ್ಟಿಯೋ ಅಷ್ಟು ಪಿಸಿಗೆ ಕೆಲಸ ಕಮ್ಮಿ. ಡಬ್ಬಿಗೆ ಫೈಲಿನ ಭಾಷೆ ಗೊತ್ತಿದ್ದರೆ ಪಿಸಿ ಬರೀ ಕಳಿಸಿ ಕೂರುತ್ತದೆ. ಗೊತ್ತಿಲ್ಲದಿದ್ದರೆ ಪಿಸಿ ಅನುವಾದ ಮಾಡಿ ಕೊಡಬೇಕು, ಇದನ್ನೇ ಟ್ರಾನ್ಸ್‌ಕೋಡಿಂಗ್ ಅನ್ನುವುದು. ಇಂಟೆಲ್ 7ನೇ ತಲೆಮಾರು ಅಥವಾ ಅದರ ನಂತರದ್ದಾದರೆ ಪ್ರೊಸೆಸರಿನ ಒಳಗಿರುವ ಕ್ವಿಕ್‌ಸಿಂಕ್ ಅನ್ನುವ ವಿಡಿಯೋ ಭಾಗ 10 ಬಿಟ್ ಎಚ್.265ನ್ನೂ ಸಲೀಸಾಗಿ ಮಾಡುತ್ತದೆ. ಜೆಲ್ಲಿಫಿನ್ನಿನಲ್ಲಿ ಇದು ಪುಕ್ಕಟೆ, ಪ್ಲೆಕ್ಸಿನಲ್ಲಿ ದುಡ್ಡು ಕೊಟ್ಟು ಪ್ಲೆಕ್ಸ್ ಪಾಸ್ ಕೊಳ್ಳಬೇಕು. ಪ್ಲೆಕ್ಸಿನ ಆ್ಯಪುಗಳು ನೋಡಲು ಚೆಂದ ಅನ್ನುವುದು ನಿಜ, ಆದರೆ ಇಂಟರ್ನೆಟ್ ಹೋದಾಗ ಲಾಗಿನ್ ವಿಷಯದಲ್ಲಿ ಅದು ನನಗೆ ಒಂದೆರಡು ಸಲ ಕಾಟ ಕೊಟ್ಟಿದೆ. ನಾನು ಇದನ್ನೆಲ್ಲ ಕಟ್ಟಿದ್ದೇ ಇಂಟರ್ನೆಟ್ ಇಲ್ಲದ ದಿನಕ್ಕೆ, ಹಾಗಾಗಿ ಜೆಲ್ಲಿಫಿನ್.

ಪಿಸಿಗೆ ಡಿಶ್ಶಿನ ಸಿಗ್ನಲ್ ಹಿಡಿಯುವ ಡಿವಿಬಿ ಎಸ್2 ಟ್ಯೂನರ್ ಹಾಕಿ ಟಿವಿಹೆಡೆಂಡ್ ಅನ್ನುವ ಸಾಫ್ಟ್‌ವೇರ್ ಓಡಿಸಿದರೆ ಡಿಡಿ ಫ್ರೀ ಡಿಶ್ಶಿನ ಚಂದನವನ್ನು ರೆಕಾರ್ಡ್ ಮಾಡಿ ಎಲ್ಲ ಟಿವಿಗೂ ಹಂಚಬಹುದು. ಹವ್ಯಾಸ ಇದ್ದವರು ಮಾಡಿ, ಇಲ್ಲದವರಿಗೆ ಇದು ಬೇಡದ ತಲೆನೋವು.

ಕರೆಂಟಿನ ಮಾತಿಲ್ಲದೆ ನಮ್ಮ ಕಡೆ ಯಾವ ಲೆಕ್ಕವೂ ಮುಗಿಯುವುದಿಲ್ಲ. ಶರಾವತಿಯಲ್ಲಿ 1,035 ಮೆಗಾವಾಟಿನ ವಿದ್ಯುದಾಗಾರ ಇರುವುದು ನಮ್ಮದೇ ಜಿಲ್ಲೆಯಲ್ಲಿ, ಗಾಳಿ ಬೀಸಿದರೆ ದೀಪ ಆರುವುದೂ ನಮ್ಮಲ್ಲೇ. ಮನೆಯ ಇನ್ವರ್ಟರಿಗೆ 12 ವೋಲ್ಟ್ 150 ಎಎಚ್ ಬ್ಯಾಟರಿ ಇದೆ ಅನ್ನಿ, ಕಾಗದದ ಮೇಲೆ 1,800 ವಾಟ್ ಅವರ್. ಹಳೇ ಬ್ಯಾಟರಿ, ನಷ್ಟ ಎಲ್ಲ ಕಳೆದು ಅರ್ಧ ಅಂತ ಹಿಡಿಯಿರಿ. ನನ್ನ ಹಳೇ ಡೆಸ್ಕ್‌ಟಾಪ್ ಸುಮ್ನೆ ಕೂತಿದ್ದರೂ 60 ವಾಟ್ ತಿನ್ನುತ್ತಿತ್ತು, ಅದೊಂದೇ ಆದರೂ 15 ಗಂಟೆಗೆ ಬ್ಯಾಟರಿ ಬರಿದು. ಈಗ ಇಂಟೆಲ್ ಎನ್100 ಇರುವ ಚಿಕ್ಕ ಪಿಸಿ ಇಟ್ಟಿದ್ದೇನೆ, ಆ ಪ್ರೊಸೆಸರಿನ ಲೆಕ್ಕವೇ 6 ವಾಟ್. ಹಾರ್ಡ್ ಡಿಸ್ಕ್ ಸೇರಿದರೂ ಹಳೆಯದರ ಹತ್ತಿರಕ್ಕೂ ಬರುವುದಿಲ್ಲ. ಕೋಣೆಯ ಪೈ, ಸ್ಟಿಕ್ ಎಲ್ಲ ಐದಾರು ವಾಟಿನೊಳಗೆ. ರೌಟರು, ಸ್ವಿಚ್ಚು, ಮೀಡಿಯಾ ಕನ್ವರ್ಟರುಗಳಿಗೆ ಅಂಗೈ ಅಗಲದ 12 ವೋಲ್ಟಿನ ಯುಪಿಎಸ್ ಸಿಗುತ್ತದೆ. ಆದರೆ ಕೊಳ್ಳುವ ಮೊದಲು ನಿಮ್ಮ ಕನ್ವರ್ಟರ್ 5 ವೋಲ್ಟಿನದಾ 12ರದಾ ಅಂತ ಹಿಂದೆ ತಿರುಗಿಸಿ ಓದಿ.

ಯಾರಿಗೆ ಯಾವುದು ಅಂದರೆ, ಸಾಗರ, ಶಿವಮೊಗ್ಗದಂಥ ಪೇಟೆಯಲ್ಲಿ ಸಿಮೆಂಟ್ ಮನೆ, ಎರಡು ಟಿವಿ ಇದ್ದವರು ಟಿವಿಯ ಆ್ಯಪು ಅಥವಾ ಒಂದು 4ಕೆ ಸ್ಟಿಕ್ಕು, ಇಷ್ಟರಲ್ಲೇ ಮುಗಿಸಿ, ಮೊದಲು ವೈಫೈಯಲ್ಲೇ ನೋಡಿ. ಹಳೇ ದಪ್ಪ ಗೋಡೆ ಮನೆಯವರು ಮೊದಲ ದುಡ್ಡನ್ನು ಕೇಬಲ್ಲಿಗೆ ಹಾಕಿ, ಉಳಿದಿದ್ದರಲ್ಲಿ ಸ್ಟಿಕ್ ಮತ್ತು ಲ್ಯಾನ್ ಅಡಾಪ್ಟರ್. ಹಳೇ ಡಿವಿಡಿಗಳೇ ಜಾಸ್ತಿ ಇರುವ ಕೋಣೆಗೆ ಪೈ. ಬೇರೆ ಕಟ್ಟಡಕ್ಕೆ ಫೈಬರ್. ಎಚ್‌ಡಿಎಂಐ ಎಕ್ಸ್‌ಟೆಂಡರ್ ಒಂದೇ ಚಿತ್ರ ಎರಡು ಕಡೆ ಬೇಕಾದವರಿಗೆ ಮಾತ್ರ.

ರಿಮೋಟ್ ಬಗ್ಗೆ ಹೇಳದೆ ಬಿಟ್ಟರೆ ಅಮ್ಮ ಬೈಯುತ್ತಾರೆ. ಟಿವಿಗೊಂದು, ಡಿಟಿಎಚ್‌ಗೊಂದು, ಡಬ್ಬಿಗೊಂದು ಅಂತ ಮೂರು ರಿಮೋಟ್ ಇದ್ದ ಮನೆಯಲ್ಲಿ ಯಾವ ಎಕ್ಸ್‌ಟೆಂಡರ್ರೂ ಬಾಳುವುದಿಲ್ಲ. ಟಿವಿಯಲ್ಲಿ ಎಚ್‌ಡಿಎಂಐ ಸಿಇಸಿ ಅನ್ನುವ ಆಯ್ಕೆ ಹುಡುಕಿ ಆನ್ ಮಾಡಿ, ಒಂದೊಂದು ಕಂಪನಿಯವರು ಅದಕ್ಕೆ ಒಂದೊಂದು ಹೆಸರಿಟ್ಟಿರುತ್ತಾರೆ. ಆಗ ಟಿವಿ ರಿಮೋಟಿನ ಬಾಣದ ಗುಂಡಿಗಳೇ ಪೈಯನ್ನೂ ಸ್ಟಿಕ್ಕನ್ನೂ ಓಡಿಸುತ್ತವೆ. ಅಪ್ಪನ ರಿಮೋಟಿನಲ್ಲಿ ಬೇಡದ ಗುಂಡಿಗಳ ಮೇಲೆ ನಾನು ಇನ್ಸುಲೇಷನ್ ಟೇಪ್ ಅಂಟಿಸಿದ್ದೇನೆ, ಏಳು ಗುಂಡಿ ಮಾತ್ರ ಕಾಣುತ್ತದೆ. ಶೆಡ್ಡಿನ ರಿಮೋಟಿಗೆ ಪ್ಲಾಸ್ಟಿಕ್ ಕವರ್ ಹಾಕಿಟ್ಟಿದ್ದೇವೆ. ಅಡಿಕೆ ಸುಲಿಯುವಾಗ ಮೆಟ್ಟುಕತ್ತಿ ಮುಂದೆ ಕೂತವರ ಕೈಗೆ ಚೊಗರು ಹತ್ತಿರುತ್ತದೆ, ಮೊದಲ ವರ್ಷ ವಿಡಿಯೋ ನಿಲ್ಲಿಸುವ ಗುಂಡಿ ಅಂಟಿಕೊಂಡು ಎರಡು ರಾತ್ರಿ ಆಟ ಅಲ್ಲಲ್ಲೇ ನಿಲ್ಲುತ್ತಿತ್ತು.